ಅಣ್ಣನಿಗೆ ಹೇಳಿದ ಹೊತ್ತು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶದಲ್ಲಿ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಭೂಮಿ ಗುಂಡಗಿರುವುದರಿಂದ ಆ ದಾರಿ ಉತ್ತರ ಧ್ರುವದ ಸಮೀಪದಲ್ಲೇ ಹಾದುಹೋಗುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿದು ಭಾಗಿಸಿದರೆ ಹದಿನಾರು ಗಂಟೆಯೂ ಆಗುವುದಿಲ್ಲ. ಈ ಲೆಕ್ಕವನ್ನು ನಂಬಿ ನಾನು ಮನೆಯವರನ್ನು ಸುಮ್ಮನೆ ಕಾಯಿಸಿದೆ; ಅಪ್ಪಯ್ಯನ ಮುಖವನ್ನೂ ಕೊನೆಯ ಸಲ ನೋಡಲಾಗಲಿಲ್ಲ.

ಅಪ್ಪಯ್ಯ ತೀರಿಕೊಂಡ ಸುದ್ದಿ ಬಂದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ನನಗೆ ಶುಕ್ರವಾರ ಬೆಳಿಗ್ಗೆ, ನಮ್ಮೂರು ತೀರ್ಥಹಳ್ಳಿಯಲ್ಲಿ ಶುಕ್ರವಾರ ರಾತ್ರಿ. ಟಿಕೆಟ್ ಕೂಡ ಮಾಡಿಸದೆ ಅಣ್ಣನಿಗೆ ಹೇಳಿಬಿಟ್ಟೆ: "ಮಧ್ಯಾಹ್ನ ನಾಲ್ಕಕ್ಕೆ ಇಲ್ಲಿಂದ ಹೊರಟರೆ ಹದಿನಾರು ಗಂಟೆ. ನಾಳೆ ಸಂಜೆಯೊಳಗೆ ಮನೇಲಿರ್ತೀನಿ. ಕಾಯಿ, ಅಣ್ಣ." ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನವರ ಜೊತೆ ದಿನಾ ಮೀಟಿಂಗ್ ಮಾಡುತ್ತಿದ್ದ ನನಗೆ ಇದು ಗೊತ್ತಿತ್ತು. ನನ್ನ ನಾಲ್ಕು ಗಂಟೆಯೆಂದರೆ ಊರಿನಲ್ಲಿ ಶನಿವಾರ ಬೆಳಗಿನ ಜಾವ ಐದೂವರೆ. ದುಃಖದಲ್ಲಿ ಅದನ್ನು ಕೂಡಿಸಲಿಲ್ಲ.

ನೇರ ವಿಮಾನವೂ ಆಗ ಇರಲಿಲ್ಲ. ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ನೇರ ಹಾರಾಟ ಶುರುವಾದದ್ದು 2021ರ ಜನವರಿಯಲ್ಲಿ. ನನಗೆ ಸಿಕ್ಕಿದ್ದು ದುಬೈ ಮೂಲಕ ಬರುವ ಟಿಕೆಟ್. ದಾರಿ ಸುಮಾರು 1,700 ಕಿ.ಮೀ. ಹೆಚ್ಚಾಯಿತು. ದುಬೈವರೆಗೇ ಹದಿನಾರು ಗಂಟೆ, ಅಲ್ಲಿ ಮುಂದಿನ ವಿಮಾನಕ್ಕಾಗಿ ಅರ್ಧ ರಾತ್ರಿ, ಆಮೇಲೆ ಮತ್ತೆ ನಾಲ್ಕು ಗಂಟೆ. ಬೆಂಗಳೂರು ತಲುಪುವುದು ಭಾನುವಾರ ಬೆಳಿಗ್ಗೆ ಎಂದು ಟಿಕೆಟ್ಟಿನಲ್ಲಿ ಸ್ಪಷ್ಟವಾಗಿತ್ತು. ಅದನ್ನು ಅಣ್ಣನಿಗೆ ಕಳಿಸಲಿಲ್ಲ. ಸೀಟು ಸಿಕ್ಕಿತು ಎಂದಷ್ಟೇ ಬರೆದು ವಿಮಾನ ಹತ್ತಿದೆ. ನನ್ನ ನಿಜವಾದ ತಪ್ಪು ಇದು. ಗುಣಾಕಾರ ಭಾಗಾಕಾರದ್ದನ್ನು ನಾನು ಕ್ಷಮಿಸಿಕೊಳ್ಳಬಲ್ಲೆ, ಇದನ್ನಲ್ಲ.

ಶನಿವಾರವಿಡೀ ಅಪ್ಪಯ್ಯನನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಾದರು. ದೂರದಿಂದ ಬಂದ ನೆಂಟರೂ, ನೀರನ್ನೂ ಮುಟ್ಟದ ಅಮ್ಮನೂ ನಾನು ಹೇಳಿದ ಹೊತ್ತಿಗಾಗಿ ಕೂತಿದ್ದರು. ನನ್ನ ಫೋನು ಆಕಾಶದಲ್ಲಿ ಸುಮ್ಮನಿತ್ತು. ದುಬೈಯಲ್ಲಿ ಇಳಿದು ಆನ್ ಮಾಡಿದಾಗ ಅಣ್ಣನ ಸಂದೇಶ ಬಂತು: "ಕತ್ತಲಾಗುತ್ತಿದೆ, ಇನ್ನು ಇಟ್ಟುಕೊಳ್ಳುವುದು ಬೇಡ ಅಂತ ಎಲ್ಲರೂ ಹೇಳ್ತಿದಾರೆ. ನೀನು ಎಲ್ಲಿದೀಯ?" ಬೆಂಗಳೂರಿನಿಂದ ಕಾರಿನಲ್ಲಿ ಊರು ಮುಟ್ಟುವಷ್ಟರಲ್ಲಿ ಭಾನುವಾರ ಸಂಜೆಯಾಗಿತ್ತು. ಅಮ್ಮ ನನ್ನನ್ನು ಬೈಯಲಿಲ್ಲ. ಬರುವುದು ಭಾನುವಾರ ಎಂದು ತಿಳಿಸಿದ್ದರೆ ಅಣ್ಣ ಯಾರನ್ನೂ ಕಾಯಿಸದೆ ಶನಿವಾರ ಬೆಳಿಗ್ಗೆಯೇ ಸಂಸ್ಕಾರ ಮುಗಿಸುತ್ತಿದ್ದ. ಅಷ್ಟು ಮಂದಿ ಒಂದು ಹಗಲಿಡೀ ಹಾಗೆ ನರಳುತ್ತಿರಲಿಲ್ಲ.

ಆಮೇಲೆ ನೇರ ವಿಮಾನ ಬಂತು, 2023ರಿಂದ ನಮ್ಮೂರಿಗೆ ಹತ್ತಿರದ ಶಿವಮೊಗ್ಗಕ್ಕೂ ವಿಮಾನ ಬರುತ್ತಿದೆ. ಆದರೂ ಹದಿನಾರೋ ಹದಿನೇಳೋ ಎಂಬ ಗಂಟೆಗಳು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಮಾತ್ರ. ಮೂರು ಗಂಟೆ ಮೊದಲೇ ಹೋಗಿ ನಿಲ್ಲುವುದು, ಇಮಿಗ್ರೇಷನ್ ಸಾಲು, ಊರಿನ ದಾರಿ ಅದರಲ್ಲಿ ಸೇರಿಲ್ಲ.

ದೂರದಲ್ಲಿರುವವರು ದಯವಿಟ್ಟು ಟಿಕೆಟ್ಟನ್ನು ಮನೆಗೆ ಕಳಿಸಿ. ಮನೆ ಬಾಗಿಲು ಮುಟ್ಟುವ ವಾರ, ಹೊತ್ತು ಎರಡನ್ನೂ ಭಾರತದ ಗಡಿಯಾರದಂತೆ ಬರೆಯಿರಿ. ತಲುಪಲಾಗದು ಅನ್ನಿಸಿದರೆ ಕಾಯಬೇಡಿ ಎಂದು ನೀವೇ ಮೊದಲು ಹೇಳಿ. ಮನೆಯವರಿಂದ ಆ ಮಾತು ಹೊರಡುವುದಿಲ್ಲ.