ಹಾರಿ ಇಳಿದ ಮೇಲೆ

ರಕ್‌ಮನ್ ಒಬ್ಬ ದಡ ಸೇರುತ್ತಾನೋ ಇಲ್ಲವೋ ಎಂದು ವಾದಿಸುವುದರಲ್ಲಿ ಇರುವ ಸುಖ, ಅವನು ದಡ ಸೇರಿದ ಮೇಲೆ ಚಪ್ಪಾಳೆ ತಟ್ಟುವುದರಲ್ಲಿ ಇಲ್ಲ. ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರಲ್ಲಿ ಕೂತು, ಪಕ್ಕದಲ್ಲಿ ಭಾವನನ್ನು ಇಟ್ಟುಕೊಂಡು, ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಭಾವ ಸಾಗರದ ಕಡೆಯವರು. ಅಕ್ಕನಿಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಅವಳ ಹಿಂದೆ ಬಂದವರು, ಮೊದಲ ಚಳಿಗಾಲದಲ್ಲೇ ಫುಟಿಯ ಹುಚ್ಚು ಹತ್ತಿಸಿಕೊಂಡರು. ಆಮೇಲೆ ನನಗೂ ಹತ್ತಿಸಿದರು. ಕ್ರಿಕೆಟ್ ನೋಡಿ ಬೆಳೆದವರಿಗೆ ಇದೇನು ಬಂತು ಎಂದು ಅಕ್ಕ ಇಂದಿಗೂ ಕೇಳುತ್ತಾಳೆ. ಉತ್ತರ ಕೊಡುವ ಗೋಜಿಗೆ ನಾವು ಹೋಗುವುದಿಲ್ಲ. ಶನಿವಾರ ಊಟ ಮುಗಿಸಿ, ಸಾರಿನ ಪಾತ್ರೆ ತೊಳೆದಿಟ್ಟು, ಹೊರಟುಬಿಡುತ್ತೇವೆ.

ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ನೋಡದವರಿಗಾಗಿ ನಾಲ್ಕು ಮಾತು. ಕ್ರಿಕೆಟ್ ಆಡುವ ಅದೇ ಅಂಡಾಕಾರದ ಬಯಲು, ಚೆಂಡೂ ಅಂಡಾಕಾರದ್ದೇ. ಒಂದೊಂದು ಕಡೆಗೆ 18 ಮಂದಿ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಆಟ ಶುರುವಾಗುವುದು ನಡುವೃತ್ತದಲ್ಲಿ. ಅಂಪೈರ್ ಚೆಂಡನ್ನು ಮೇಲಕ್ಕೆ ಕಳಿಸುತ್ತಾನೆ. ಎರಡು ತಂಡದ ಎರಡು ಉದ್ದನೆಯ ಆಳುಗಳು ಎದುರುಬದುರು ಓಡಿಬಂದು, ಮೊಣಕಾಲೆತ್ತಿ ಹಾರುತ್ತಾರೆ. ಯಾರ ಕೈ ಮೊದಲು ತಾಗಿತೋ ಅವನು ಚೆಂಡನ್ನು ಕೆಳಗೆ ಕಾಯುತ್ತಿರುವ ತನ್ನವನ ಕಡೆಗೆ ತಟ್ಟುತ್ತಾನೆ. ಹಾಗೆ ಹಾರುವವನೇ ರಕ್‌ಮನ್. ಗೋಲಾದಾಗ, ಚೆಂಡು ಗೆರೆ ದಾಟಿದಾಗ, ಆಳುಗಳ ರಾಶಿಯಡಿ ಅದು ಸಿಕ್ಕಿಕೊಂಡಾಗ ಮತ್ತೆ ಮತ್ತೆ ಇವನೇ ಬರಬೇಕು. ಬಯಲಿನ ಯಾವ ಮೂಲೆಗೆ ಹೋದರೂ ಬರಬೇಕು. ನೂರು ಕಿಲೋ ದಾಟಿದ ಇನ್ನೊಬ್ಬನ ಎದೆಗೆ ಎದೆ ಕೊಡಬೇಕು.

ತೊಡಕಿರುವುದು ಇಲ್ಲಿ. ಕ್ಲಬ್ಬುಗಳು ಡ್ರಾಫ್ಟ್‌ನಲ್ಲಿ ಹುಡುಗರನ್ನು ಆರಿಸಿಕೊಳ್ಳುವುದು ಅವರು 18ರ ಆಸುಪಾಸಿನಲ್ಲಿದ್ದಾಗ. ಆ ವಯಸ್ಸಿಗೆ ಚುರುಕಾದ ಕುಳ್ಳ ಹುಡುಗ ಮುಂದೇನಾಗುತ್ತಾನೆ ಎಂಬುದರ ಮುಕ್ಕಾಲು ಪಾಲು ಕಣ್ಣೆದುರೇ ಇರುತ್ತದೆ. ಎರಡು ಮೀಟರು ದಾಟಿದ ಹುಡುಗನದು ಹಾಗಲ್ಲ. ಮೂಳೆ ಬೆಳೆದುಬಿಟ್ಟಿದೆ, ಮಾಂಸ ಬಂದಿಲ್ಲ. ಕಾಲು ಒಂದು ಕಡೆ, ಕೈ ಒಂದು ಕಡೆ. ಓಡುವಾಗ ತನ್ನ ಮೊಣಕಾಲು ಎಲ್ಲಿದೆ ಎಂದು ಅವನಿಗೇ ಖಾತ್ರಿ ಇಲ್ಲ. ಹೊಟ್ಟೆ, ಸೊಂಟ, ಭುಜ ಗಟ್ಟಿಯಾಗಲು ನಾಲ್ಕು ವರ್ಷ ಬೇಕು, ಐದೂ ಬೇಕಾದೀತು. ಅಷ್ಟರಲ್ಲಿ ಅವನ ಜೊತೆಗೆ ಬಂದ ಕುಳ್ಳ ನೂರು ಪಂದ್ಯ ಆಡುವ ಹಾದಿಯಲ್ಲಿರುತ್ತಾನೆ. ಇವನಿನ್ನೂ ಎರಡನೇ ದರ್ಜೆಯ ವಿಎಫ್‌ಎಲ್‌ನಲ್ಲಿ, ಮಧ್ಯಾಹ್ನದ ಚಳಿಯಲ್ಲಿ, ನಮ್ಮಂಥ ಕೆಲಸವಿಲ್ಲದವರ ಎದುರು ಎಡವುತ್ತಿರುತ್ತಾನೆ.

ಹಾಗಾಗಿ ನಮಗೆ ಎಂಸಿಜಿಯ ಲಕ್ಷ ಜನರ ಗದ್ದಲಕ್ಕಿಂತ ಫುಟ್‌ಸ್ಕ್ರೇಯ ವಿಟ್ಟನ್ ಓವಲ್ ಹೆಚ್ಚು ಇಷ್ಟ. ಗಾಳಿಗೆ ಹೆಸರಾದ ಮೈದಾನ ಅದು. ಒಂದು ತುದಿಗೆ ಒದ್ದ ಚೆಂಡು ಹಾರುತ್ತದೆ, ಇನ್ನೊಂದು ತುದಿಗೆ ಒದ್ದದ್ದು ಅಲ್ಲೇ ನಿಂತು ಯೋಚಿಸುತ್ತದೆ. ಬೇಲಿಗೊರಗಿ ನಿಲ್ಲಬಹುದು. ವಿಎಫ್‌ಎಲ್ ಪಂದ್ಯದ ದೊಡ್ಡ ಸುಖವೆಂದರೆ ಕ್ವಾರ್ಟರ್ ಮುಗಿದಾಗ ನೋಡುಗರೂ ಬಯಲಿಗಿಳಿದು, ಆಟಗಾರರ ಗುಂಪಿನ ಹಿಂದೆ ನಿಂತು, ಕೋಚ್ ಬೈಯುವುದನ್ನು ಕೇಳಬಹುದು. ನಮ್ಮ ಹುಡುಗನನ್ನು, ಅಂಥ ಒಬ್ಬ ಎಳೆಯ ರಕ್‌ಮನ್‌ನನ್ನು, ನಾನು ಹತ್ತಿರದಿಂದ ನೋಡಿದ್ದು ಹಾಗೆಯೇ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗೀತೆಂದು ಭಾವನಿಗೆ ಆತಂಕ. ತಲೆಯೆತ್ತಿ ನೋಡಬೇಕಾದ ಎತ್ತರ, ಕೋಚಿನ ಮಾತು ಕೇಳುವಾಗ ತನ್ನ ಉದ್ದಕ್ಕೆ ತಾನೇ ನಾಚಿಕೊಂಡವನ ಹಾಗೆ ಬೆನ್ನು ಬಾಗಿಸಿ ನಿಲ್ಲುವ ರೀತಿ. ಮೂರು ಚಳಿಗಾಲದಿಂದ ಅವನು ನಮ್ಮ ವಾದದ ವಸ್ತು.

ಪಕ್ಷಗಳು ಮೂರು. ಭಾವ ಆಶಾವಾದಿ. ನಾನು ಸಂದೇಹಿ. ಮೂರನೆಯವರು, ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿ, ಕಾಲ ಬಳಿ ಮುದಿ ನಾಯಿ, ತೊಡೆಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂರುವ ಸ್ಥಳೀಯ ಅಜ್ಜಿ. ಹುಟ್ಟಿದಾಗಿನಿಂದ ಈ ಮೈದಾನದ ಕ್ಲಬ್ಬಾದ ಬುಲ್‌ಡಾಗ್ಸ್‌ನ ಅಭಿಮಾನಿ. ಅವರ ಪಕ್ಷ ಯಾವುದೆಂದು ಹೇಳುವುದು ಕಷ್ಟ, ಯಾರು ಗೆಲ್ಲುತ್ತಿದ್ದಾರೋ ಅವರ ವಿರುದ್ಧ ಎಂದರೆ ಸರಿಹೋದೀತು.

"ಅಡಿಕೆ ಸಸಿ ನೆಟ್ಟವನು ಐದಾರು ವರ್ಷ ಬಾಯಿ ಮುಚ್ಚಿಕೊಂಡು ನೀರು ಹಾಕ್ಬೇಕು ಮಾರಾಯ್ತಿ," ಎಂದರು ಭಾವ ಒಮ್ಮೆ, ಹುಡುಗ ಎದುರಾಳಿಯ ತಳ್ಳಿಗೆ ಅಂಗಾತ ಬಿದ್ದಾಗ. "ಎರಡನೇ ವರ್ಷವೇ ಕೊನೆ ಎಲ್ಲಿ ಅಂತ ಕೇಳ್ತಾರಾ ಯಾರಾದ್ರೂ?"

"ಹಳದಿ ರೋಗ ಬಂದದ್ದಕ್ಕೂ ಐದಾರು ವರ್ಷ ನೀರು ಹಾಕ್ತೀರಾ ಭಾವ?"

ಅಡಿಕೆ ತೋಟದ ಮನೆಯವರ ಹತ್ತಿರ ಆ ರೋಗದ ಹೆಸರೆತ್ತಬಾರದು. ಆ ಕ್ವಾರ್ಟರ್ ಮುಗಿಯುವವರೆಗೆ ಭಾವ ನನ್ನೊಡನೆ ಮಾತಾಡಲಿಲ್ಲ.

ವಾದ ಬಿಸಿಯೇರಿದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಮ್ಯಾಕ್ಸ್ ಗಾನ್. ಮೆಲ್ಬರ್ನ್ ಕ್ಲಬ್ ಅವನನ್ನು 2009ರ ಡ್ರಾಫ್ಟ್‌ನಲ್ಲಿ 34ನೆಯವನಾಗಿ ಆರಿಸಿತು. ಅಂದರೆ ಅವನಿಗಿಂತ ಮೊದಲು ದೇಶದ 33 ಹುಡುಗರ ಹೆಸರು ಕೂಗಿದ್ದರು. ಮೊಣಕಾಲಿನ ಶಸ್ತ್ರಚಿಕಿತ್ಸೆ ಒಂದಲ್ಲ, ಎರಡು. ಆ ದಿನಗಳಲ್ಲಿ ಸಿಗರೇಟು ಸೇದುತ್ತಿದ್ದೆ ಎಂದು ತಾನೇ ನಗುತ್ತಾ ಹೇಳಿಕೊಂಡಿದ್ದಾನೆ. ವರ್ಷದ ಸರ್ವಶ್ರೇಷ್ಠ ತಂಡವೆಂದು ಹೆಸರಿಸುವ ಆಲ್-ಆಸ್ಟ್ರೇಲಿಯನ್‌ನಲ್ಲಿ ಅವನು ಮೊದಲು ಕಾಣಿಸಿದ್ದು 2016ರಲ್ಲಿ. 2021ರಲ್ಲಿ ಅವನೇ ನಾಯಕ. ಪ್ರಿಲಿಮಿನರಿ ಫೈನಲ್‌ನಲ್ಲಿ ಜಿಲಾಂಗ್ ವಿರುದ್ಧ ರಕ್‌ಮನ್ ಆದವನು 5 ಗೋಲು ಹೊಡೆದ. ಮುಂದೆ ಪರ್ತ್‌ನಲ್ಲಿ ಆ ಕ್ಲಬ್ಬು 1964ರ ನಂತರದ ಮೊದಲ ಪ್ರೀಮಿಯರ್‌ಷಿಪ್ ಎತ್ತಿತು. ಈ ಕಥೆಯನ್ನು ಭಾವ ಹರಿಕಥೆಯ ಹಾಗೆ ಹೇಳುತ್ತಾರೆ, ಗಡ್ಡ ಬಂದ ಜಾಗದಲ್ಲಿ ಗಡ್ಡ ನೀವಿಕೊಳ್ಳುತ್ತಾ. (ಅವರಿಗೆ ಗಡ್ಡವಿಲ್ಲ, ಗಾನ್‌ಗೆ ಇದೆ.)

ಅಲ್ಲಿಗೆ ಸುಮ್ಮನಾಗುವವರಲ್ಲ. ಡೀನ್ ಕಾಕ್ಸ್ ರೂಕಿ ಪಟ್ಟಿಯಿಂದ, ಅಂದರೆ ಉಳಿದವರಲ್ಲಿ ಆಯ್ದವನಾಗಿ, ವೆಸ್ಟ್ ಕೋಸ್ಟ್‌ಗೆ ಬಂದು ಆರು ಬಾರಿ ಆಲ್-ಆಸ್ಟ್ರೇಲಿಯನ್ ಆದದ್ದು ಬರುತ್ತದೆ. 211 ಸೆಂಟಿಮೀಟರಿನ ಮೇಸನ್ ಕಾಕ್ಸ್ ಟೆಕ್ಸಸ್‌ನಿಂದ, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು, ಈ ಚೆಂಡನ್ನು ದೊಡ್ಡವನಾದ ಮೇಲೆ ಮೊದಲ ಬಾರಿ ಮುಟ್ಟಿ, 2016ರ ಆನ್ಜಾಕ್ ದಿನ ಕಾಲಿಂಗ್‌ವುಡ್ ಪರವಾಗಿ ಮೊದಲ ಒದೆತದಲ್ಲೇ ಗೋಲು ಹೊಡೆದದ್ದು ಬರುತ್ತದೆ. ಅಜ್ಜಿ ಆಗ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ತಮ್ಮವನೇ ಆದ ಟಿಮ್ ಇಂಗ್ಲಿಷ್‌ನನ್ನು ಎಳೆತರುತ್ತಾರೆ. 2016ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಬಂದಾಗ ಈ ಮೈದಾನದ ಗಾಳಿಗೆ ತೂರಿಹೋಗುವಂತಿದ್ದ ಹುಡುಗ. ವರ್ಷಗಟ್ಟಲೆ ದೊಡ್ಡ ದೇಹದವರು ಅವನನ್ನು ಪಕ್ಕಕ್ಕೆ ಸರಿಸಿ ಚೆಂಡು ತಟ್ಟಿಕೊಂಡರು. ನಮ್ಮ ಬೇಲಿಯ ಪಕ್ಕ ಎಷ್ಟೋ ಜನ ಅವನನ್ನು ಬಿಟ್ಟುಬಿಡಿ ಎಂದು ಕೂಗಿದರು. 2023ರಲ್ಲಿ ಆಲ್-ಆಸ್ಟ್ರೇಲಿಯನ್ ತಂಡದ ರಕ್‌ಮನ್ ಅವನೇ. "ಆಗ ಕೂಗಿದವರಲ್ಲಿ ಒಬ್ಬರೂ ಈಗ ಸಿಗುವುದಿಲ್ಲ," ಎನ್ನುತ್ತಾರೆ ಅಜ್ಜಿ. ಅವರೂ ಕೂಗಿದ್ದರೆಂದು ನನ್ನ ಗುಮಾನಿ.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಜಿಮ್ ಸ್ಟೈನ್ಸ್ ಅವರ ಕಥೆ. ಡಬ್ಲಿನ್ನಿನಲ್ಲಿ ಗೇಲಿಕ್ ಫುಟ್‌ಬಾಲ್ ಆಡುತ್ತಿದ್ದ ಹುಡುಗ, 1984ರಲ್ಲಿ ಮೆಲ್ಬರ್ನ್ ಕ್ಲಬ್ಬಿನ ಪ್ರಯೋಗಕ್ಕೆ ಸಿಕ್ಕಿ ಇಲ್ಲಿಗೆ ಬಂದರು. ಅಲ್ಲಿಯ ಚೆಂಡು ಗುಂಡಗೆ. ಇಲ್ಲಿಯದು ಎಲ್ಲಿ ಪುಟಿಯುತ್ತದೆಂದು ಹುಟ್ಟಿದೂರಿನವರಿಗೂ ಗೊತ್ತಾಗದ್ದು. 1987ರ ಪ್ರಿಲಿಮಿನರಿ ಫೈನಲ್‌ನ ಕೊನೆಯ ಗಳಿಗೆ, ಹಾಥಾರ್ನ್‌ನ ಗ್ಯಾರಿ ಬಕನಾರಾ ಒದೆಯಲು ನಿಂತಿದ್ದಾಗ ಸ್ಟೈನ್ಸ್ ಓಡಬಾರದ ಜಾಗದಲ್ಲಿ, ಒದೆಯುವವನ ಎದುರಿನಿಂದಲೇ, ಓಡಿಬಿಟ್ಟರು. 15 ಮೀಟರ್ ದಂಡ. ಎಟುಕದ ದೂರ ಎಟುಕುವಂತಾಯಿತು. ಸೈರನ್ ಆದ ಮೇಲೆ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಮೆಲ್ಬರ್ನ್ 2 ಅಂಕದಿಂದ ಸೋತಿತು. ಅಂಥದೊಂದು ತಪ್ಪು ಮಾಡಿದ ಮೇಲೆ ಇನ್ನೊಬ್ಬನಾಗಿದ್ದರೆ ವಿಮಾನ ಹತ್ತುತ್ತಿದ್ದ. ಅವರು 1991ರಲ್ಲಿ ಇಡೀ ಲೀಗಿನ ಉತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದರು. ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದ ದಾಖಲೆ 2025ರವರೆಗೆ ಅವರ ಹೆಸರಲ್ಲೇ ಇತ್ತು. ಹಾರಾಟದಲ್ಲಿ ಅವರಿಗಿಂತ ಬಲಶಾಲಿಗಳಿದ್ದರು. ಅವರು ಗೆದ್ದದ್ದು ಓಡಿ. ಚೆಂಡು ತಟ್ಟಿ ಮುಗಿಯಿತೆಂದು ಎದುರಾಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸ್ಟೈನ್ಸ್ ನಲವತ್ತು ಹೆಜ್ಜೆ ಆಚೆ ಇರುತ್ತಿದ್ದರು.

ನನ್ನ ಇಡೀ ಸಿದ್ಧಾಂತ ಅಲ್ಲಿಂದ ಹುಟ್ಟಿದ್ದು. ಎಳೆಯ ರಕ್‌ಮನ್ ಹಾರುವುದನ್ನು ನೋಡುವವರು ಆಟ ನೋಡುತ್ತಿಲ್ಲ. ಹಿಟ್‌ಔಟ್, ಅಂದರೆ ಹಾರಿ ಚೆಂಡು ತಟ್ಟಿದ್ದು, ಎಷ್ಟು ಎಂಬ ಲೆಕ್ಕ ಫಲಕದ ಮೇಲೆ ಬರುತ್ತದೆ, ಆ ಲೆಕ್ಕದಷ್ಟು ಮೋಸಗಾರ ಇನ್ನೊಂದಿಲ್ಲ. ಉದ್ದನೆಯ ಕೈ ಇದ್ದವನಿಗೆ ಚೆಂಡು ತಾಗಿಯೇ ತಾಗುತ್ತದೆ. ತಾಗಿದ್ದು ಎದುರಾಳಿಯ ಮಡಿಲಿಗೆ ಬಿದ್ದರೂ ಲೆಕ್ಕಕ್ಕೆ ಒಂದು ಸೇರುತ್ತದೆ. ನಾನು ನೋಡುವುದು ಅವನು ಇಳಿದ ಮೇಲಿನ ಮೂರು ಸೆಕೆಂಡು. ಕೆಳಗೆ ಬಿದ್ದಾಗ ಅವನ ಪಾದ ಯಾವ ಕಡೆ ತಿರುಗಿದೆ? ಚೆಂಡು ಹೋದ ಕಡೆಗೋ, ಅಂಪೈರಿನ ಕಡೆಗೋ? ತಾನು ತಟ್ಟಿದ ಚೆಂಡು ಯಾರಿಗೂ ಸಿಗದೆ ನೆಲದಲ್ಲಿ ಹೊರಳುತ್ತಿದ್ದರೆ ಅವನು ಬಗ್ಗುತ್ತಾನೋ? ಎರಡು ಮೀಟರಿನವನಿಗೆ ಬಗ್ಗುವುದು ದೂರದ ಪ್ರಯಾಣ. ಬಗ್ಗಿ, ಎತ್ತಿ, ಬೆನ್ನ ಮೇಲೆ ಇಬ್ಬರು ಬಿದ್ದರೂ ಮುಷ್ಟಿಯಿಂದ ಒಬ್ಬನಿಗೆ ಗುದ್ದಿ ಕೊಟ್ಟನೋ, ಅವನಿಗಾಗಿ ಇನ್ನೆರಡು ವರ್ಷ ಕಾಯಲು ನಾನೂ ಸಿದ್ಧ. ಇದು ಹೊಸ ಶೋಧವೇನಲ್ಲ. 1960ರ ದಶಕದಲ್ಲೇ ಜಿಲಾಂಗ್‌ನ ಪಾಲಿ ಫಾರ್ಮರ್ ಅವರು ರಕ್‌ಮನ್‌ನ ಮುಷ್ಟಿಗೂ ಬುದ್ಧಿ ಇರಬಹುದೆಂದು ತೋರಿಸಿದ್ದರು. ಕಾರಿನ ತೆರೆದ ಕಿಟಕಿಯೊಳಗೆ ಚೆಂಡು ಗುದ್ದಿ ತೂರಿಸಿ ಅಭ್ಯಾಸ ಮಾಡುತ್ತಿದ್ದರಂತೆ. ಹಳಬರು ಈಗಲೂ ಅದನ್ನು ಹೇಳುವಾಗ ಕೈಯಲ್ಲಿ ಕಿಟಕಿ ಬಿಡಿಸಿ ತೋರಿಸುತ್ತಾರೆ.

ನಮ್ಮ ಹುಡುಗ ಬಗ್ಗುತ್ತಾನೆಯೇ? ಮೊದಲ ವರ್ಷ ಬಗ್ಗುತ್ತಿರಲಿಲ್ಲ. ಈಗ ಮೊದಲ ಎರಡು ಕ್ವಾರ್ಟರ್ ಬಗ್ಗುತ್ತಾನೆ. ಮೂರನೆಯದರಲ್ಲಿ ಕೈ ಸೊಂಟಕ್ಕೆ ಹೋಗುತ್ತದೆ. ಆ ಕೈ ಸೊಂಟಕ್ಕೆ ಹೋದದ್ದನ್ನು ನಾನು ಭಾವನಿಗೆ ಮೊಣಕೈಯಿಂದ ತಿವಿದು ತೋರಿಸುತ್ತೇನೆ. ಅವರು ಅದೇ ಹೊತ್ತಿಗೆ ಚಿಪ್ಸಿನ ಪೊಟ್ಟಣದೊಳಗೆ ಏನನ್ನೋ ಹುಡುಕುತ್ತಿರುತ್ತಾರೆ.

ಭಾವ ಒಪ್ಪದ ಇನ್ನೊಂದು ಮಾತೂ ಇದೆ. ಉದಾಹರಣೆ ಕೊಡುವಾಗ ನಾವು ಕರೆತರುವುದೆಲ್ಲ ಗೆದ್ದವರನ್ನೇ. ಗಾನ್, ಸ್ಟೈನ್ಸ್, ಕಾಕ್ಸ್ ಎಂದು ಬೆರಳು ಮಡಚುವಾಗ, ಅದೇ ವರ್ಷಗಳಲ್ಲಿ ಅದೇ ಎತ್ತರದ, ಅದೇ ಮೊಣಕಾಲಿನ, ಅಷ್ಟೇ ತಾಳ್ಮೆ ಪಡೆದ ಹುಡುಗರು ಎಷ್ಟು ಮಂದಿ ಸದ್ದಿಲ್ಲದೆ ಪಟ್ಟಿಯಿಂದ ಹೋದರು ಎಂದು ಯಾರೂ ಕೇಳುವುದಿಲ್ಲ. ಅವರ ಹೆಸರು ಯಾರಿಗೂ ನೆನಪಿಲ್ಲ, ಆದ್ದರಿಂದ ಅವರು ಯಾರ ವಾದಕ್ಕೂ ಒದಗಿಬರುವುದಿಲ್ಲ. ಒಮ್ಮೆ ಇದನ್ನು ಗಟ್ಟಿಯಾಗಿ ಹೇಳಿದೆ. ಅಜ್ಜಿ ನಾಯಿಯ ತಲೆ ಸವರುತ್ತಾ, ತಡೆಯಿಲ್ಲದೆ, ಅಂಥವರ ಹೆಸರು ಹೇಳುತ್ತಾ ಹೋದರು. ಒಬ್ಬನಿಗೆ ಬೆನ್ನು, ಒಬ್ಬನಿಗೆ ಹಿಮ್ಮಡಿ, ಒಬ್ಬ ಅಪ್ಪನ ಹೊಲ ನೋಡಿಕೊಳ್ಳಲು ಊರಿಗೆ ಹೋದ. ಒಬ್ಬೊಬ್ಬರೂ ಹೇಗೆ ಹಾರುತ್ತಿದ್ದರು ಎಂಬುದೂ ಅವರಿಗೆ ನೆನಪಿತ್ತು. ಆ ದಿನ ವಾದದಲ್ಲಿ ಗೆದ್ದದ್ದು ನಾನೇ, ಆದರೂ ಯಾಕೋ ಭಾವನ ಪಕ್ಷಕ್ಕೆ ಸೇರಿಬಿಡೋಣ ಎನಿಸಿತು.

ನಿಯಮಗಳನ್ನೂ ಸುಮ್ಮನೆ ಬಿಡುವುದಿಲ್ಲ ಲೀಗಿನವರು. 2005ರಲ್ಲಿ ನಡುವೆ 10 ಮೀಟರಿನ ವೃತ್ತ ಎಳೆದು, ಓಡಿಬಂದು ಮೊಣಕಾಲಿಗೆ ಮೊಣಕಾಲು ಬಡಿಯುವುದನ್ನು ತಗ್ಗಿಸಿದರು. 2017ರಲ್ಲಿ ಮೂರನೆಯವನೊಬ್ಬ ನಡುವೆ ನುಗ್ಗಿ ಹಾರುವುದನ್ನು ನಿಲ್ಲಿಸಿದರು. 2026ರಿಂದ ಅಂಪೈರ್ ನಡುವೃತ್ತದಲ್ಲಿ ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಪುಟಿಸುವ ಪದ್ಧತಿಯೇ ಹೋಯಿತು, ಈಗ ಮೇಲಕ್ಕೆಸೆಯುವುದಷ್ಟೆ. ಅಡ್ಡಾದಿಡ್ಡಿ ಪುಟಿತಕ್ಕೆ ಹೊಂದಿಕೊಳ್ಳುವ ಕಲೆ ಸತ್ತಿತು ಎಂದು ಅಜ್ಜಿ ಶೋಕಿಸಿದರು. ನಮ್ಮ ಹುಡುಗನಿಗೆ ಇದೇ ಬೇಕಿತ್ತು, ನೇರವಾಗಿ ಏರುವ ಚೆಂಡಿಗೆ ನೇರವಾಗಿ ಏರುವ ಹುಡುಗ ಎಂದು ಭಾವ ಹಿಗ್ಗಿದರು. ಇಳಿಯುವುದು ಮಾತ್ರ ಹಿಂದಿನ ಹಾಗೆಯೇ ಇದೆ ಎಂದು ನಾನು ನೆನಪಿಸಿದೆ.

ಕಳೆದ ಋತು ಮುಗಿದಾಗ ಅವನ ಒಪ್ಪಂದ ಇನ್ನೊಂದು ವರ್ಷ ಮುಂದುವರಿದಿತ್ತು. ಸುದ್ದಿ ಬಂದ ಕೂಡಲೇ ಭಾವನ ಫೋನು.

"ನೋಡಿದ್ಯೇನೇ? ನಾ ಹೇಳಿರ್ಲಿಲ್ವಾ?"

"ಒಂದೇ ವರ್ಷ ಕೊಟ್ಟಿದಾರೆ ಭಾವ. ನಿಮ್ಮಷ್ಟು ನಂಬಿಕೆ ಇದ್ದಿದ್ರೆ ಮೂರು ಕೊಡ್ತಿದ್ರು."

"ನಿನ್ನಷ್ಟು ನಂಬಿಕೆ ಇದ್ದಿದ್ರೆ ಒಂದೂ ಕೊಡ್ತಿರ್ಲಿಲ್ಲ. ಅಂದ್ರೆ ಅವರು ನನ್ನ ಕಡೆಗೇ ಜಾಸ್ತಿ ಅಂತಾಯ್ತಲ್ಲ?"

ಈ ಋತುವಿನ ಮೊದಲ ಪಂದ್ಯಕ್ಕೆ ಹೋದಾಗ ಅವನ ಭುಜ ಅಗಲವಾಗಿತ್ತು, ಅದನ್ನು ನಾನೂ ಒಪ್ಪಬೇಕು. ಆದರೆ ಅರ್ಧ ಹೊತ್ತು ಅವನನ್ನು ರಕ್‌ನಲ್ಲಿ ಆಡಿಸದೆ ಗೋಲಿನ ಮುಂದೆ ನಿಲ್ಲಿಸಿದ್ದರು. ಅಲ್ಲಿ ಒಂದು ಗೋಲೂ ಹೊಡೆದ. ಇನ್ನು ಅವನನ್ನು ಮುಂದಾಳಾಗಿಯೇ ಬೆಳೆಸುವುದು ಒಳ್ಳೆಯದು, ಅಷ್ಟು ಓಟ ತಪ್ಪುತ್ತದೆ, ಮೂರನೇ ಕ್ವಾರ್ಟರಿನಲ್ಲಿ ಸೊಂಟ ಹಿಡಿಯುವ ಕಷ್ಟವೂ ಇಲ್ಲ ಎಂದು ನಾನು ಅಂದೆ. ಭಾವ ಬಾಯಿ ತೆರೆಯುವ ಮೊದಲೇ ಅಜ್ಜಿ ಕುರ್ಚಿಯಲ್ಲಿ ಹಿಂತಿರುಗಿ, ಹಾಗೇನಾದರೂ ಮಾಡಿದರೆ ಕ್ಲಬ್ಬಿನ ಸದಸ್ಯತ್ವದ ಕಾರ್ಡನ್ನು ಅವರ ಮುಖಕ್ಕೇ ಎಸೆಯುತ್ತೇನೆ ಎಂದರು. ಟಿಮ್ ಇಂಗ್ಲಿಷ್‌ನ ಕಾಲದಲ್ಲೂ ಅದನ್ನೇ ಹೇಳಿದ್ದರೆಂದು ಪಕ್ಕದ ಬೇಲಿಯವನು ಕೂಗಿದ. ಅಜ್ಜಿ ಅವನ ಕಡೆಗೆ ತಿರುಗಿದರು, ಮತ್ತು ನಮಗೆ ಎರಡನೇ ಕ್ವಾರ್ಟರ್ ಶುರುವಾದದ್ದು ಗೊತ್ತಾಗಲಿಲ್ಲ.