ಮುಕ್ತಿನಾಥದ ಮೆಟ್ಟಿಲು

ಗಂಡಕಿಯ ಸಾಲಗ್ರಾಮವನ್ನು ತಲೆತಲಾಂತರದಿಂದ ಅರ್ಚಿಸುತ್ತ ಬಂದ ಮನೆ ನಮ್ಮದು. ಆ ನದಿಯನ್ನೂ ಅದರ ಮೇಲಣ ಮುಕ್ತಿನಾಥವನ್ನೂ ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನಮ್ಮ ಗೃಹಿಣಿಯ ಬಹುಕಾಲದ ಹಂಬಲ. ಆದರೆ ನೇಪಾಳವೆಂದೊಡನೆ ಬಂಧುಗಳೆಲ್ಲರೂ ವಿಮಾನದ ಮಾತನ್ನೇ ಎತ್ತಿದರು.

ಆ ಭಯ ನಿರಾಧಾರವಲ್ಲ. 2022ರ ಮೇ ತಿಂಗಳಲ್ಲಿ ಪೋಖರಾದಿಂದ ಜೋಮ್‌ಸೋಮಿಗೆ ಹೊರಟ ಸಣ್ಣ ವಿಮಾನವು ಪರ್ವತಕ್ಕೆ ತಾಗಿ, ಅದರಲ್ಲಿದ್ದ 22 ಮಂದಿಯೂ ಮಡಿದರು. 2023ರ ಜನವರಿಯಲ್ಲಿ ಪೋಖರಾದಲ್ಲಿಯೇ ಇಳಿಯಲಿದ್ದ ಇನ್ನೊಂದು ವಿಮಾನ ಬಿದ್ದು 72 ಮಂದಿ ಅಳಿದರು. ಕಾಳೀಗಂಡಕಿಯ ಕಣಿವೆಯು ಅನ್ನಪೂರ್ಣಾ ಧವಳಗಿರಿಗಳ ನಡುವಣ ಆಳವಾದ ಸೀಳು. ಹೊತ್ತೇರಿದಂತೆಲ್ಲ ಬಡಗಣ ಎತ್ತರದ ನೆಲವು ಕಾದು, ತೆಂಕಣ ಗಾಳಿಯನ್ನು ಆ ಸೀಳಿನೊಳಕ್ಕೆ ರಭಸದಿಂದ ಸೆಳೆದುಕೊಳ್ಳುತ್ತದೆ. ಆದುದರಿಂದಲೇ ಅಲ್ಲಿಯ ವಿಮಾನಗಳು ಬೆಳಗಿನ ಹೊತ್ತಿನಲ್ಲಿ ಹಾರುತ್ತವೆ. ಹಾಗೆಂದು ನೆಲದ ದಾರಿ ನಿರಪಾಯವೆ? 2024ರ ಜುಲೈಯಲ್ಲಿ ಮಳೆಗೆ ಗುಡ್ಡ ಕುಸಿದು, ಅರುವತ್ತಕ್ಕೂ ಮಿಕ್ಕ ಜನರಿದ್ದ ಎರಡು ಬಸ್ಸುಗಳು ರಾತ್ರಿಯಲ್ಲಿ ತ್ರಿಶೂಲೀ ನದಿಯ ಪಾಲಾದುವು. ವಾಹನಕ್ಕಿಂತ ಋತುವನ್ನು ಆರಿಸುವುದು ಮೇಲೆಂದು ನಮಗೆ ತೋರಿತು. ಮಳೆ ನಿಂತ ಕಾರ್ತಿಕದಲ್ಲಿ, ಹಗಲಿನಲ್ಲಿ ಮಾತ್ರ, ಜೀಪಿನಲ್ಲಿ ಹೋಗುವುದೆಂದು ನಿಶ್ಚಯಿಸಿದೆವು.

ಬಂಧುಗಳಲ್ಲಿ ಒಬ್ಬರೂ ಎತ್ತದಿದ್ದ ಭಯವನ್ನು ಎತ್ತಿದವರು ನಮ್ಮ ವೈದ್ಯರು. ಪೋಖರಾ ಇರುವುದು ಸುಮಾರು 2,700 ಅಡಿ ಎತ್ತರದಲ್ಲಿ. ಮುಕ್ತಿನಾಥವು 12,000 ಅಡಿಗೂ ಮೇಲೆ. ಅವಸರದಿಂದ ಏರಿದವರಿಗೆ ಮೊದಲು ತಲೆನೋವು, ಓಕರಿಕೆ. ಅಲಕ್ಷ್ಯಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ಕೂಡಲೇ ಕೆಳಗಿಳಿಯುವುದೇ ಅದಕ್ಕೆ ಮುಖ್ಯ ಚಿಕಿತ್ಸೆ. ಆದಕಾರಣ ತಾತೋಪಾನಿಯಲ್ಲಿ ಒಂದು ರಾತ್ರಿ, 9,000 ಅಡಿಯ ಜೋಮ್‌ಸೋಮಿನಲ್ಲಿ ಎರಡು ರಾತ್ರಿ ತಂಗಿ, ಮುಕ್ತಿನಾಥಕ್ಕೆ ಹೋದ ದಿನವೇ ಇಳಿದುಬಿಡುವುದೆಂದಾಯಿತು. ತಲೆನೋವು ಬಂದವರು, ದೇವರು ಹತ್ತು ಮಾರು ದೂರದಲ್ಲಿದ್ದರೂ, ಅಲ್ಲಿಂದಲೇ ಹಿಂದಿರುಗತಕ್ಕದ್ದೆಂದು ನಿಬಂಧನೆಯನ್ನೂ ಬರೆದಿಟ್ಟೆವು. ಬರೆಯುವಾಗ ಗೃಹಿಣಿಯ ಏದುಸಿರೇ ನಮ್ಮ ಕಣ್ಣಮುಂದಿದ್ದಿತೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದೇಕೆ?

ಮೆಟ್ಟಿಲುಗಳ ನಡುವೆ ತಲೆ ಬಡಿಯತೊಡಗಿದುದು ನಮಗೆ. ಸುಳ್ಳಾಡಬೇಡಿರೆಂದು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದ ಬಾಯಿ ಇಪ್ಪತ್ತು ಮೆಟ್ಟಿಲುಗಳವರೆಗೆ ತೆಪ್ಪಗಿದ್ದಿತು. ಆಕೆ ಮುಖ ನೋಡಿದಳು. “ನಿಬಂಧನೆ ತಮ್ಮದೇ” ಎಂದು, ಜೀಪಿನವನ ಸಂಗಡ ನಮ್ಮನ್ನು ಕೆಳಕ್ಕೆ ಕಳುಹಿಸಿ, ತಾನು ಜೊತೆಯ ಯಾತ್ರಿಕರೊಡನೆ ಮೇಲಕ್ಕೆ ನಡೆದಳು.

ಸಂಜೆ ಜೋಮ್‌ಸೋಮಿನಲ್ಲಿ ನಮ್ಮ ತಲೆ ಹಗುರವಾಗಿದ್ದಿತು. ಆಕೆ ಬಂದು ತಂಬಿಗೆಯಿಂದ ಆ ನೂರೆಂಟು ಧಾರೆಗಳ ನೀರನ್ನು ನಮ್ಮ ಅಂಗೈಗೆ ಎರೆದಳು. ಅಷ್ಟು ಹೊತ್ತಾದರೂ ಕೊರೆಯುವಂತೆ ತಣ್ಣಗಿದ್ದಿತು.