ಫೋಟೋ ಇಲ್ಲದ ಕಿಟ್

2020ರ ಲಾಕ್‌ಡೌನ್ ಹೊತ್ತಲ್ಲಿ ನಾವು ದಿನಕ್ಕೆ ಎರಡಾದರೂ ‘ಕಿಟ್ ವಿತರಣೆ’ ಸುದ್ದಿ ಕಳಿಸುತ್ತಿದ್ದೆವು. ಫೋಟೋ ಎಲ್ಲ ಒಂದೇ ಥರ. ಒಂದು ಚೀಲ ಅಕ್ಕಿ, ಅದನ್ನು ಹಿಡಿದುಕೊಂಡ ಆರೇಳು ಕೈ, ತುದಿಯಲ್ಲಿ ತಲೆ ತಗ್ಗಿಸಿ ನಿಂತ ಒಬ್ಬರು ಅಜ್ಜಿ. ಕೊಟ್ಟವರ ಹೆಸರು ಬಿಟ್ಟುಹೋದರೆ ಮರುದಿನ ಬೆಳಿಗ್ಗೆಯೇ ಫೋನ್ ಬರುತ್ತಿತ್ತು. ಅಜ್ಜಿಯ ಹೆಸರು ಯಾರೂ ಕೇಳಲಿಲ್ಲ, ನಾವೂ ಬರೆಯಲಿಲ್ಲ.

ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಕೊಂಕಣಿ ಮಾತಾಡುವ ಕ್ಯಾಥೊಲಿಕರು ನಾವು. ಮನೆಯಲ್ಲಿ ಅಮ್ಮ ಮತ್ತು ನಾವು ಇಬ್ಬರೇ. ಬಿಡಿ ವರದಿಗಾರರಿಗೆ ಅಚ್ಚಾದ ಸುದ್ದಿಗಷ್ಟೇ ಕಾಸು. ಪತ್ರಿಕೆ ಪುಟ ಇಳಿಸಿದ ಮೇಲೆ ಅದೂ ಅರ್ಧವಾಯಿತು. ಬೀಡಿ ಬ್ರ್ಯಾಂಚ್ ಮುಚ್ಚಿ ಅಮ್ಮನ ವಾರದ ಮಜೂರಿ ನಿಂತಿತು. ಏಪ್ರಿಲ್ 12ರಂದು ಈಸ್ಟರ್. ಇಗರ್ಜಿಯ ಬಾಗಿಲು ಮುಚ್ಚಿತ್ತು. ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ಅಮ್ಮನ ಬಿಪಿ ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ನಾವು ಯಾರಿಗೂ ಹೇಳಿರಲಿಲ್ಲ. ಊರವರ ಕಷ್ಟ ಬರೆಯುವವರು ಸ್ವಂತ ಕಷ್ಟ ಯಾರ ಹತ್ತಿರ ಹೇಳಿಕೊಳ್ಳೋದು?

ನಮ್ಮಲ್ಲಿ ಒಂದು ಇಗರ್ಜಿಗೆ ಸೇರಿದ ಮನೆಗಳನ್ನು ವಾಳೆಗಳಾಗಿ ಹಂಚಿರುತ್ತಾರೆ. ಪ್ರತಿ ವಾಳೆಗೂ ಒಬ್ಬರು ಗುರಿಕಾರರು. ಸಾವು, ಮದುವೆ, ಕಾಯಿಲೆ ಏನೇ ಇದ್ದರೂ ಮೊದಲು ತಿಳಿಯೋದು ಅವರಿಗೆ. ಈಸ್ಟರ್ ಕಳೆದ ವಾರ, ಅಂಗಡಿ ತೆರೆದಿರುವ ಬೆಳಗಿನ ಹೊತ್ತಲ್ಲಿ ಇಬ್ಬರು ಬಂದರು. ಒಬ್ಬರು ಗುರಿಕಾರರು, ಇನ್ನೊಬ್ಬರು ನಮ್ಮದೇ ವಾಳೆಯ ಹಿರಿಯ ಹೆಂಗಸು. ಇಬ್ಬರೂ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು. ಅಂಗಳದಲ್ಲೇ ನಿಂತು ಹತ್ತು ನಿಮಿಷ ಬದನೆ ಗಿಡದ ಮಾತಾಡಿದರು. ಹೊರಡುವಾಗ ಚೀಲವನ್ನು ಜಗಲಿಯ ಮೇಲಿಟ್ಟು, “ಮಾತ್ರೆಯ ಚೀಟಿ ಕೊಡಿ, ಪೇಟೆಗೆ ಹೋಗುವವರಿದ್ದಾರೆ” ಅಂದರು. ಫೋನ್ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಮಾತ್ರೆಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ, ಇವತ್ತಿಗೂ ಅಮ್ಮ ಬಾಯಿ ಬಿಟ್ಟಿಲ್ಲ. ಅವರು ಸುಮ್ಮನೆ ಚೀಲ ಒಳಗಿಟ್ಟರು. ನಮಗೆ ಮಾತ್ರ ಹಿಂದಿನ ದಿನ ಕಳಿಸಿದ ಫೋಟೋದ ಅಜ್ಜಿ ಕಣ್ಣಮುಂದೆ ಬಂದರು.

ಚೀಲ ಬಿಚ್ಚಿದ ಮೇಲೆ ಇನ್ನೊಂದು ಮಾತು ಎದ್ದಿತು. ಸಭೆಯ ಪಟ್ಟಿಯಲ್ಲಿ ಒಂದು ಮನೆ ಇರಲಿಲ್ಲ. ಯಾವುದೋ ಹಳೇ ಜಗಳದಿಂದ ಇಗರ್ಜಿಗೆ ಬರೋದು ಬಿಟ್ಟವರು. ಅಮ್ಮ ಎರಡು ಸೇರು ಕುಚ್ಚಲಕ್ಕಿ ಅಳೆದು ಕಟ್ಟಿ, ಕೊಟ್ಟು ಬಾ ಅಂದರು. ಆ ಮನೆಯ ಅಂಗಳದಲ್ಲಿ ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. ಕೊನೆಗೆ ಹಲಸಿನ ಮರ ನೋಡಿ, “ಈ ಸಲ ಕಾಯಿ ಚೆನ್ನಾಗಿ ಹಿಡಿದಿದೆ” ಅಂದೆವು. ಬದನೆ ಗಿಡದ ಮಾತು ಯಾಕೆ ಬೇಕಿತ್ತು ಅನ್ನೋದು ಆಗ ತಿಳಿಯಿತು. ಮುಂದಿನ ಸಲದ ಪಟ್ಟಿಗೆ ಆ ಮನೆ ಸೇರಿಸಿ ಅಂತ ಗುರಿಕಾರರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೇರಿಸಿದರು.

ಮರುವರ್ಷ ನಾವೂ ಸಭೆ ಸೇರಿದೆವು. ಅದು ಶುರುವಾದದ್ದು 1833ರ ಏಪ್ರಿಲ್ 23ರಂದು, ಪ್ಯಾರಿಸ್‌ನಲ್ಲಿ. ಶುರು ಮಾಡಿದವರಲ್ಲಿ ಮುಖ್ಯರಾದ ಫ್ರೆಡರಿಕ್ ಓಜನಾಮ್ ಎಂಬ ವಿದ್ಯಾರ್ಥಿಗೆ ಅವತ್ತಿಗೆ 20 ವರ್ಷ ತುಂಬಿತ್ತು. ಅವರು ಮೊದಲು ಸೇರಿದ್ದು ಎಲ್ಲಿ ಗೊತ್ತಾ? ಒಂದು ಪತ್ರಿಕಾ ಕಚೇರಿಯಲ್ಲಿ! ಬಡವರ ಮನೆಗೆ ಹೋಗೋದು ಹೇಗೆ ಅಂತ ಅವರಿಗೆ ದಾರಿ ತೋರಿಸಿದವರು ರೊಸಾಲಿ ರೆಂದು ಎಂಬ ಸನ್ಯಾಸಿನಿ. ಈಗಲೂ ಪದ್ಧತಿ ಅದೇ. ಇಬ್ಬರು ಜೊತೆಯಾಗಿ ಮನೆಗೇ ಹೋಗಬೇಕು, ಕೂತು ಮಾತಾಡಬೇಕು, ಕಂಡದ್ದನ್ನು ಹೊರಗೆ ಹೇಳಬಾರದು. ಸಭೆಯಲ್ಲಿ ಒಂದು ಗುಪ್ತ ಚೀಲ ಕೈಯಿಂದ ಕೈಗೆ ದಾಟುತ್ತದೆ. ಮುಷ್ಟಿ ಒಳಗೆ ಹಾಕಿ ತೆಗೆಯೋದು. ಯಾರು ಎಷ್ಟು ಹಾಕಿದರು ಅನ್ನೋದು ಪಕ್ಕದಲ್ಲಿ ಕೂತವರಿಗೂ ತಿಳಿಯದು.

ಈಗ ಕಿಟ್ ಸುದ್ದಿಗೆ ಹೋದರೆ ತೆಗೆದುಕೊಂಡವರ ಮುಖ ಫೋಟೋದಲ್ಲಿ ಬರದ ಹಾಗೆ ನೋಡಿಕೊಳ್ಳುತ್ತೇವೆ. ಕೊಟ್ಟವರಿಗೆ ಅದು ಹಿಡಿಸುವುದಿಲ್ಲ. ಎರಡು ಸಲ ಸುದ್ದಿ ಅಚ್ಚೇ ಆಗಲಿಲ್ಲ, ಕಾಸೂ ಬರಲಿಲ್ಲ. ಹೋಗಲಿ, ಅಷ್ಟನ್ನು ಗುಪ್ತ ಚೀಲಕ್ಕೆ ಹಾಕಿದೆವು ಅಂದುಕೊಂಡೆವು.